‘ಖರೆ ಏನ ಯವ್ವಾ?’: ಹೊರದೇಶದ ಸುಳ್ಳು ಹಿರೇಕೆರೂರಿನ ಫೋನಿಗೆ ಬಂದಾಗ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಆಡುಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)



ನಮ್ಮ ಮನೆತನದ್ದೊಂದು ವಾಟ್ಸಾಪ್ ಗ್ರೂಪ್ ಇದೆ. ನಿಮ್ಮಲ್ಲೂ ಇರುತ್ತೆ ಬಿಡಿ. ನಾನು ಹಾನಗಲ್‌ನವಳು. ಅಕ್ಕನನ್ನು ಶಿಗ್ಗಾಂವಿಗೆ ಕೊಟ್ಟಿದ್ದಾರೆ, ದೊಡ್ಡ ಮಾಮಾ ಸವಣೂರಿನವರು, ಚಿಗವ್ವ ಹಿರೇಕೆರೂರಿನಲ್ಲಿದ್ದಾಳೆ. ಹಾವೇರಿ ಜಿಲ್ಲೆಯ ನಾಲ್ಕು ತಾಲೂಕು, ಒಂದು ಗ್ರೂಪು. ಬೆಳಗ್ಗೆ ಗುಡ್ ಮಾರ್ನಿಂಗ್ ಹೂವು, ಮಧ್ಯಾಹ್ನ ಗೋವಿನಜೋಳದ ರೇಟು, ಸಂಜೆ ಯಾರದ್ದೋ ಮದುವೆ ಕಾರ್ಡು. ಇಷ್ಟೇ ಅದರ ಪ್ರಪಂಚ.

2022ರ ಮಾರ್ಚ್ 2, ಬುಧವಾರ ಸಂಜೆ, ಆ ಗ್ರೂಪಿಗೆ ಯುದ್ಧ ಬಂತು.

ಚಿಗವ್ವನ ಮಗ ಆಗ ಉಕ್ರೇನ್‌ನ ಖಾರ್ಕಿವ್‌ನಲ್ಲಿ ಎಂಬಿಬಿಎಸ್ ಓದ್ತಿದ್ದ. ಹಿಂದಿನ ದಿನ ಶಿವರಾತ್ರಿ. ಅವತ್ತೇ ರಾಣೆಬೆನ್ನೂರು ತಾಲೂಕಿನ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಅದೇ ಖಾರ್ಕಿವ್‌ನಲ್ಲಿ ದಿನಸಿ ತರೋಕೆ ಹೊರಗೆ ಹೋಗಿ ದಾಳಿಯಲ್ಲಿ ತೀರಿಕೊಂಡಿದ್ದ. ಹೆಸರು ಹೇಳಲ್ಲ, ನಮ್ಮ ಜಿಲ್ಲೆಯಲ್ಲಿ ಅದನ್ನು ಮರೆತವರಿಲ್ಲ. ಇಡೀ ಹಾವೇರಿ ಟಿವಿ ಮುಂದೆ ಕೂತಿತ್ತು. ಚಿಗವ್ವ ಮಾತ್ರ ಟಿವಿ ಆಫ್ ಮಾಡಿ ಫೋನ್ ಹಿಡ್ಕೊಂಡು ಕೂತಿದ್ದಳು.

ಆ ಸಂಜೆ ಎರಡು ಸಂದೇಶ ಬಂದ್ವು. ಒಂದು, ಕೀವ್‌ನಲ್ಲಿದ್ದ ಭಾರತೀಯ ರಾಯಭಾರ ಕಚೇರಿಯದ್ದು, ಇಂಗ್ಲಿಷ್‌ನಲ್ಲಿ. ಖಾರ್ಕಿವ್‌ನಲ್ಲಿರುವ ಎಲ್ಲ ಭಾರತೀಯರೂ ಕೂಡಲೇ ಊರು ಬಿಡಬೇಕು, ಪಿಸೋಚಿನ್, ಬಾಬಾಯ್, ಬೆಜ್ಲುದೋವ್ಕಾ ಅನ್ನೋ ಜಾಗಗಳಿಗೆ ಅಲ್ಲಿನ ಸಂಜೆ 6 ಗಂಟೆಯೊಳಗೆ ತಲುಪಲೇಬೇಕು ಅಂತ. ನಮ್ಮ ಗಡಿಯಾರದಲ್ಲಿ ರಾತ್ರಿ ಒಂಬತ್ತೂವರೆ. ವಾಹನ ಸಿಗದಿದ್ದರೆ ನಡ್ಕೊಂಡಾದರೂ ಹೋಗಿ ಅಂದಿದ್ದರು. ರೈಲ್ವೆ ಸ್ಟೇಷನ್‌ನಿಂದ ಪಿಸೋಚಿನ್‌ಗೆ 11 ಕಿಲೋಮೀಟರ್.

ಇನ್ನೊಂದು, ‘ಫಾರ್ವರ್ಡೆಡ್ ಮೆನಿ ಟೈಮ್ಸ್’ ಅನ್ನೋ ಗುರುತು ಹೊತ್ತ ಮೆಸೇಜು. ಇದು ಅಚ್ಚಗನ್ನಡದಲ್ಲಿತ್ತು. ಖಾರ್ಕಿವ್‌ನಲ್ಲಿ ಉಕ್ರೇನ್ ಸೈನಿಕರು ನಮ್ಮ ಹುಡುಗರನ್ನು ಒತ್ತೆ ಇಟ್ಕೊಂಡಿದ್ದಾರೆ, ಹೊರಗೆ ಬಂದವರನ್ನು ಹಿಡೀತಿದ್ದಾರೆ ಅಂತ.

ಚಿಗವ್ವನ ವಾಯ್ಸ್ ನೋಟ್ ಇನ್ನೂ ನನ್ನ ಹತ್ತಿರ ಇದೆ. ‘ಇದು ಖರೆ ಏನ ಯವ್ವಾ? ಹೊರಗ ಹೋಗಬ್ಯಾಡ ಅಂತ ಹೇಳಲೇನ ಅವಂಗ?’

ಈ ಪ್ರಶ್ನೆ ಎಷ್ಟು ಭಾರದ್ದು ನೋಡಿ. ಮೊದಲನೆಯದನ್ನು ನಂಬಿದರೆ ಹುಡುಗ ಶೆಲ್ ಬೀಳ್ತಿರೋ ಊರಲ್ಲಿ ನಡೀಬೇಕು. ಎರಡನೆಯದನ್ನು ನಂಬಿದರೆ ಅದೇ ಊರಿನ ಬಂಕರ್‌ನಲ್ಲೇ ಕೂರಬೇಕು. ಯೋಚನೆ ಮಾಡೋಕೆ ಇದ್ದದ್ದು ಕೆಲವೇ ಗಂಟೆ.

ಈ ಎರಡನೇ ಸುದ್ದಿ ಎಲ್ಲಿಂದ ಬಂತು ಅಂತ ಆಮೇಲೆ ನಿಧಾನವಾಗಿ ಕೂತು ನೋಡಿದೆ. ಅದು ಗಾಳಿಮಾತಲ್ಲ, ಒಂದು ದೇಶದ ಅಧಿಕೃತ ಮಾತು. ಮಾರ್ಚ್ 2ರಂದೇ ದೆಹಲಿಯಲ್ಲಿರುವ ರಷ್ಯಾ ರಾಯಭಾರ ಕಚೇರಿ, ಭಾರತೀಯ ವಿದ್ಯಾರ್ಥಿಗಳನ್ನು ಉಕ್ರೇನ್ ಪಡೆಗಳು ಒತ್ತೆ ಇಟ್ಟುಕೊಂಡು ಗುರಾಣಿಯ ಹಾಗೆ ಬಳಸ್ತಿವೆ ಅಂತ ಹೇಳಿತ್ತು. ಉಕ್ರೇನ್ ವಿದೇಶಾಂಗ ಇಲಾಖೆ ಉಲ್ಟಾ ಹೇಳ್ತು: ಭಾರತ, ಪಾಕಿಸ್ತಾನ, ಚೀನಾದ ವಿದ್ಯಾರ್ಥಿಗಳು ಸಿಕ್ಕಿಹಾಕಿಕೊಂಡಿರೋದು ರಷ್ಯಾದ ದಾಳಿಯಿಂದಾನೇ ಅಂತ. ಇಬ್ಬರ ಬಾಯಲ್ಲೂ ನಮ್ಮ ಮಕ್ಕಳೇ.

ನಮ್ಮ ಮಕ್ಕಳೇ ಯಾಕೆ? ಅದೇ ದಿನ, ಮಾರ್ಚ್ 2ರಂದೇ, ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ರಷ್ಯಾ ವಿರುದ್ಧದ ನಿರ್ಣಯಕ್ಕೆ ಮತ ಹಾಕಿದ್ದರು. ಪರವಾಗಿ 141, ವಿರುದ್ಧ 5, ತಟಸ್ಥ 35. ಭಾರತ ತಟಸ್ಥ. ಈಗ ಅರ್ಥ ಆಯ್ತಲ್ವಾ? ಭಾರತದ ಜನಾಭಿಪ್ರಾಯ ಯಾವ ಕಡೆ ವಾಲುತ್ತೆ ಅನ್ನೋದು ಇಬ್ಬರಿಗೂ ಬೇಕಾಗಿತ್ತು. ಅಲ್ಲಿಂದ ಹೊರಟ ಮಾತು, ಮೂಲ ಕಳಚ್ಕೊಂಡು, ಕನ್ನಡ ಆಗಿ, ಹಿರೇಕೆರೂರಿನ ಒಬ್ಬ ತಾಯಿಯ ಅಂಗೈಗೆ ಬಂದು ಬಿತ್ತು.

ಇನ್ನೊಂದು ವಿಷಯ. ಇಂಥ ಸುಳ್ಳು ಪೂರ್ತಿ ಗಾಳಿಯಲ್ಲಿ ಹುಟ್ಟಲ್ಲ. ಖಾರ್ಕಿವ್ ಸ್ಟೇಷನ್‌ನಲ್ಲಿ ತಮ್ಮನ್ನು ರೈಲು ಹತ್ತೋಕೆ ಬಿಡ್ತಿಲ್ಲ, ತಳ್ಳಿ ಕೆಳಗಿಳಿಸ್ತಿದ್ದಾರೆ ಅಂತ ನಮ್ಮ ವಿದ್ಯಾರ್ಥಿಗಳು ಅವರೇ ವಿಡಿಯೋ ಮಾಡಿ ಹೇಳಿಕೊಂಡಿದ್ದರು. ಆ ನೋವು ಖರೆ. ಆ ಖರೆ ನೋವಿಗೆ ‘ಒತ್ತೆ’ ಅನ್ನೋ ಒಂದು ಪದ ಅಂಟಿಸಿದರೆ ಸಾಕು, ಕೇಳಿದವರು ನಂಬ್ತಾರೆ. ಗೊತ್ತಿಲ್ಲದೆ ತಪ್ಪು ಹೇಳೋದು ಒಂದು, ಬೇಕಂತಲೇ ಕಟ್ಟಿ ಹರಡೋದು ಇನ್ನೊಂದು. ಎರಡನೆಯದನ್ನು ಅಪಪ್ರಚಾರ ಅಂತೀವಿ. ಅದಕ್ಕೆ ಸರ್ಕಾರ ಯೋಚಿಸಿ, ಹೊತ್ತು ನೋಡಿ, ಪದ ಆರಿಸಿ ಕೊಡೋ ಉತ್ತರಕ್ಕೆ ಸ್ಟ್ರಾಟೆಜಿಕ್ ಕಮ್ಯುನಿಕೇಶನ್ ಅನ್ನೋ ದೊಡ್ಡ ಹೆಸರಿದೆ.

ಹಾಗಾದ್ರೆ ಸರ್ಕಾರ ಏನು ಉತ್ತರ ಕೊಡ್ತು?

ಮಾರ್ಚ್ 3ರಂದು ವಿದೇಶಾಂಗ ಸಚಿವಾಲಯದ ವಕ್ತಾರ ಅರಿಂದಮ್ ಬಾಗ್ಚಿ ಹೇಳಿಕೆ ಕೊಟ್ಟರು. ಯಾವುದೇ ವಿದ್ಯಾರ್ಥಿಯನ್ನು ಒತ್ತೆ ಇಟ್ಟುಕೊಂಡ ಬಗ್ಗೆ ನಮಗೆ ವರದಿ ಬಂದಿಲ್ಲ ಅಂತ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಉಕ್ರೇನ್ ಅಧಿಕಾರಿಗಳ ಸಹಕಾರದಿಂದ ನಿನ್ನೆ ಬಹಳ ವಿದ್ಯಾರ್ಥಿಗಳು ಖಾರ್ಕಿವ್ ಬಿಟ್ಟಿದ್ದಾರೆ, ಉಳಿದವರಿಗೆ ವಿಶೇಷ ರೈಲು ಕೇಳಿದ್ದೀವಿ ಅಂತಲೂ ಸೇರಿಸಿದರು.

ಈ ಎರಡು ವಾಕ್ಯ ಸ್ವಲ್ಪ ಬಿಡಿಸಿ ನೋಡೋಣ. ಮೊದಲನೆಯದು, ರಷ್ಯಾ ಸುಳ್ಳು ಹೇಳ್ತಿದೆ ಅನ್ನಲಿಲ್ಲ. ಉಕ್ರೇನ್ ಸಾಚಾ ಅಂತಾನೂ ಅನ್ನಲಿಲ್ಲ. ಯಾಕಂದ್ರೆ ಹುಡುಗರನ್ನು ಹೊರಗೆ ತರೋಕೆ ಇಬ್ಬರೂ ಬೇಕು. ‘ನಮಗೆ ವರದಿ ಬಂದಿಲ್ಲ’ ಅನ್ನೋದು ಅಳೆದು ತೂಗಿ ಇಟ್ಟ ಮಾತು. ಎರಡನೆಯದು, ‘ಇಲ್ಲ’ ಅಂದ ಮೇಲೆ ಹಾಗಾದ್ರೆ ಏನು ನಡೀತಿದೆ ಅನ್ನೋದನ್ನೂ ಹೇಳಿದರು. ಬರೀ ‘ಇದು ಸುಳ್ಳು, ನಂಬಬೇಡಿ’ ಅಂದ್ರೆ ತಾಯಿಯ ಮನಸ್ಸಿನಲ್ಲಿ ಒಂದು ಖಾಲಿ ಜಾಗ ಉಳಿಯುತ್ತೆ, ಅಲ್ಲಿಗೆ ಮತ್ತೆ ಅದೇ ಸುಳ್ಳು ಬಂದು ಕೂರುತ್ತೆ. ಅಮೆರಿಕದ ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್ ಹೇಳಿಕೊಟ್ಟ ಈ ವಿಧಾನಕ್ಕೆ ‘ಟ್ರೂಥ್ ಸ್ಯಾಂಡ್‌ವಿಚ್’ ಅಂತ ಹೆಸರಿದೆ: ಮೊದಲು ಸತ್ಯ, ನಡುವೆ ಸುಳ್ಳಿನ ಪ್ರಸ್ತಾಪ, ಕೊನೆಗೆ ಮತ್ತೆ ಸತ್ಯ. ನಮ್ಮ ಕಡೆ ಎರಡು ರೊಟ್ಟಿ ನಡುವೆ ಖಾರ ಹಚ್ಚಿ ಕೊಟ್ಟಂಗೆ.

ಈ ಕೇಸ್‌ನಲ್ಲಿ ನನಗೆ ಬಹಳ ಹಿಡಿಸಿದ್ದು ಮಾತ್ರ ಇನ್ನೊಂದು. ಅದೇ ಹೊತ್ತಿಗೆ ಭಾರತದೊಳಗೇ ಒಂದು ಸಿಹಿ ಸುದ್ದಿ ಓಡಾಡ್ತಿತ್ತು. ಪ್ರಧಾನಿ ಮಾತಾಡಿದ್ದಕ್ಕೆ ರಷ್ಯಾ ಆರು ಗಂಟೆ ಯುದ್ಧ ನಿಲ್ಲಿಸಿದೆ ಅಂತ. ನಮ್ಮ ಗ್ರೂಪಲ್ಲೂ ಕೈ ಮುಗಿಯೋ ಇಮೋಜಿಗಳ ಸುರಿಮಳೆ. ಸರ್ಕಾರ ಸುಮ್ಮನಿದ್ದರೆ ಸರ್ಕಾರಕ್ಕೇ ಒಳ್ಳೆ ಹೆಸರು. ಆದರೆ ಬಾಗ್ಚಿ ಅದನ್ನೂ ತಳ್ಳಿಹಾಕಿದರು. ಯಾವ ದಾರಿ, ಎಷ್ಟು ಹೊತ್ತಿನೊಳಗೆ ಅನ್ನೋ ಮಾಹಿತಿ ನಮಗೆ ಸಿಕ್ಕಿತ್ತು, ಅದನ್ನು ವಿದ್ಯಾರ್ಥಿಗಳಿಗೆ ತಿಳಿಸಿದ್ವಿ, ಅದರಿಂದ ಯಾರೋ ಬಾಂಬ್ ಹಾಕೋದು ನಿಲ್ಲಿಸಿದ್ದಾರೆ ಅಂತ ಅರ್ಥ ಮಾಡಿಕೊಳ್ಳೋದು ತಪ್ಪು ಅನ್ನೋ ಅರ್ಥದಲ್ಲಿ. (ಎರಡು ವರ್ಷ ಆದ ಮೇಲೆ, 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ, ಆ ‘ಯುದ್ಧ ನಿಲ್ಲಿಸಿದ’ ಕಥೆ ಜಾಹೀರಾತಾಗಿ ಮತ್ತೆ ಬಂತು. ಅದು ಬೇರೆ ಮಾತು.) ತನ್ನನ್ನು ಹೊಗಳೋ ಸುಳ್ಳನ್ನೂ ಸುಳ್ಳು ಅಂದವರು, ನಾಳೆ ಪರದೇಶದ ಸುಳ್ಳನ್ನು ಸುಳ್ಳು ಅಂದಾಗ ನಂಬೋಕೆ ನನಗೆ ಕಷ್ಟ ಆಗಲ್ಲ.

ಆದರೆ ಹಿರೇಕೆರೂರಿಗೆ ವಾಪಸ್ ಬರೋಣ. ಆ ಹೇಳಿಕೆ ಬಂದದ್ದು ಮಾರ್ಚ್ 3ಕ್ಕೆ. ಚಿಗವ್ವ ಕೇಳಿದ್ದು ಮಾರ್ಚ್ 2ರ ಸಂಜೆ. ಹೇಳಿಕೆ ಇಂಗ್ಲಿಷ್‌ನಲ್ಲಿ, ಸುಳ್ಳು ಕನ್ನಡದಲ್ಲಿ. ರಾಜ್ಯ ಸರ್ಕಾರದ ಹೆಲ್ಪ್‌ಲೈನ್ ಇತ್ತು, ಮನೋಜ್ ರಾಜನ್ ಅವರನ್ನು ನೋಡಲ್ ಅಧಿಕಾರಿ ಮಾಡಿದ್ದರು, ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಶಿಗ್ಗಾಂವಿಯಿಂದಲೇ ಗೆದ್ದವರು, ಅಂದ್ರೆ ನಮ್ಮ ಜಿಲ್ಲೆಯವರೇ. ಆದರೂ ಆ ಸಂಜೆ ಆ ಗ್ರೂಪಲ್ಲಿ ರಾಯಭಾರ ಕಚೇರಿಯ ಸೂಚನೆಯನ್ನು ಕನ್ನಡಕ್ಕೆ ತಂದಿದ್ದು ನಾನು. ಎರಡು ನಿಮಿಷದ ವಾಯ್ಸ್ ನೋಟ್, ನಡುಗೋ ದನಿಯಲ್ಲಿ. ‘ಚಿಗವ್ವಾ, ಇಂಗ್ಲಿಷ್‌ನ್ಯಾಗ ಬಂದಿದ್ದು ನಮ್ಮ ಸರ್ಕಾರದ್ದು, ನಾ ಅದರ ಪೇಜಿಗೆ ಹೋಗಿ ನೋಡೇನಿ. ಕನ್ನಡದಾಗ ಬಂದಿದ್ದು ಯಾರದೋ ಗೊತ್ತಿಲ್ಲ. ಅವಂಗ ಗೆಳ್ಯಾರ ಜೋಡಿ ನಡೀ ಅಂತ ಹೇಳು.’ ನಾನು ಹೇಳಿದ್ದು ತಪ್ಪಾಗಿದ್ರೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವನು ನಡೆದ. ಪಿಸೋಚಿನ್ ತಲುಪಿದ. ಅಲ್ಲಿ ನೂರಾರು ಹುಡುಗರು ಊಟ ನೀರಿಗೂ ಪರದಾಡಿದರು. ಮಾರ್ಚ್ 5ರ ಹೊತ್ತಿಗೆ ಬಸ್ಸುಗಳಲ್ಲಿ ಪಿಸೋಚಿನ್‌ನಿಂದ ಎಲ್ಲ ಭಾರತೀಯರನ್ನೂ ಹೊರಗೆ ಕಳಿಸಿದರು. ಈಗ ಅವನು ಗ್ರೂಪಲ್ಲಿ ಗುಡ್ ಮಾರ್ನಿಂಗ್ ಹೂವು ಹಾಕ್ತಾನೆ.

ನಮ್ಮ ರಾಜ್ಯಕ್ಕೆ ಇದು ಮೊದಲ ಸಲ ಅಲ್ಲ. ನಿಮ್ಮಲ್ಲಿ ಕೆಲವರು ಆಗ ಪ್ರೈಮರಿ ಶಾಲೆಯಲ್ಲಿದ್ರಿ ಅನ್ಸುತ್ತೆ. 2012ರ ಆಗಸ್ಟ್. ಅಸ್ಸಾಂನಲ್ಲಿ ಗಲಭೆ ಆಗಿತ್ತು. ಅದಕ್ಕೆ ಸೇಡಾಗಿ ಬೆಂಗಳೂರಿನಲ್ಲಿ ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗುತ್ತೆ ಅನ್ನೋ ಎಸ್ಸೆಮ್ಮೆಸ್ಸು ಹರಿದಾಡಿ, ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ರೈಲ್ವೆ ಸ್ಟೇಷನ್‌ಗೆ ಬಂದುಬಿಟ್ಟರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯ್ತು. ಇಂಟರ್‌ನೆಟ್‌ನಲ್ಲಿ ಓಡಾಡಿದ ಫೋಟೋಗಳಲ್ಲಿ ಟಿಬೆಟ್‌ನ ಭೂಕಂಪದ ಫೋಟೋಗಳೂ ಇದ್ವು, ಅವನ್ನು ಮ್ಯಾನ್ಮಾರ್‌ನಲ್ಲಿ ಆದ ಹತ್ಯೆ ಅಂತ ತೋರಿಸಿದ್ದರು. ಅಂಥ ಚಿತ್ರಗಳಲ್ಲಿ ಬಹುಪಾಲು ಪಾಕಿಸ್ತಾನದಿಂದ ಅಪ್‌ಲೋಡ್ ಆಗಿವೆ ಅಂತ ಆಗಿನ ಕೇಂದ್ರ ಗೃಹ ಕಾರ್ಯದರ್ಶಿ ಆರ್.ಕೆ. ಸಿಂಗ್ ಹೇಳಿದರು, ಪಾಕಿಸ್ತಾನ ಒಪ್ಪಲಿಲ್ಲ. ಸರ್ಕಾರ ಮಾಡಿದ್ದೇನು ಅಂದ್ರೆ, 15 ದಿನ ಬಲ್ಕ್ ಎಸ್ಸೆಮ್ಮೆಸ್ ಬಂದ್, ಒಬ್ಬರು ದಿನಕ್ಕೆ 5 ಮಾತ್ರ ಕಳಿಸಬಹುದು, 200ಕ್ಕೂ ಹೆಚ್ಚು ವೆಬ್ ಪುಟಗಳಿಗೆ ಬೀಗ. ನಲ್ಲಿ ತಿರುಗಿಸಿ ನಿಲ್ಲಿಸೋ ವಿಧಾನ ಅದು. ಕೆಟ್ಟ ನೀರಿನ ಜೊತೆ ಒಳ್ಳೆ ನೀರೂ ನಿಂತುಹೋಗುತ್ತೆ. ‘ನಾನು ಇಲ್ಲಿ ಕ್ಷೇಮ, ಯಾರೂ ಹೊಡೀತಿಲ್ಲ’ ಅನ್ನೋ ಮೆಸೇಜಿಗೂ ಅದೇ ಐದರ ಮಿತಿ ತಾನೇ?

ಅದರ ಪಕ್ಕ 2025ರ ಮೇ ತಿಂಗಳ ಗೋಕಾಕಿನ ಕೇಸ್ ಇಟ್ಟು ನೋಡಿ. ಆಪರೇಷನ್ ಸಿಂಧೂರ ನಡೆದಾಗ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಜೊತೆ ಕೂತು ದಿನಾ ದೇಶಕ್ಕೆ ಮಾಹಿತಿ ಕೊಡ್ತಿದ್ದರಲ್ಲ, ಕರ್ನಲ್ ಸೋಫಿಯಾ ಖುರೇಷಿ, ಅವರ ಗಂಡನ ಮನೆ ಬೆಳಗಾವಿ ಜಿಲ್ಲೆ ಗೋಕಾಕ ತಾಲೂಕಿನ ಕೊಣ್ಣೂರು. ಆ ಮನೆ ಮೇಲೆ ಆರೆಸ್ಸೆಸ್‌ನವರು ದಾಳಿ ಮಾಡಿ ಧ್ವಂಸ ಮಾಡಿದ್ದಾರೆ ಅಂತ ಎಕ್ಸ್‌ನಲ್ಲಿ ಒಂದು ಪೋಸ್ಟ್ ಬಂತು. ಪ್ರೊಫೈಲ್ ನೋಡಿದರೆ ಕೆನಡಾ. ಪ್ರೊಫೈಲಲ್ಲಿ ಬರೆದ ಊರೇ ನಿಜವಾದ ಊರು ಅಂತ ಏನೂ ಇಲ್ಲ, ಅದನ್ನೂ ನೆನಪಿಡಿ. ಆದರೆ ಉದ್ದೇಶ ಸ್ಪಷ್ಟವಾಗಿತ್ತು. ಸೇನೆಯ ಮುಖವಾಗಿ ನಿಂತ ಒಬ್ಬ ಮುಸ್ಲಿಂ ಅಧಿಕಾರಿಯ ಮನೆಗೇ ಭಾರತದಲ್ಲಿ ರಕ್ಷಣೆ ಇಲ್ಲ ಅನ್ನಿಸಬೇಕು, ಇಲ್ಲಿ ಎರಡು ಸಮುದಾಯ ಕಚ್ಚಾಡಬೇಕು.

ಬೆಳಗಾವಿ ಎಸ್‌ಪಿ ಭೀಮಾಶಂಕರ ಗುಳೇದ ಅವರು ಬೇಗನೇ ಅದು ಸುಳ್ಳು ಅಂತ ಸ್ಪಷ್ಟ ಮಾಡಿದರು, ಪೋಸ್ಟ್ ತೆಗೆಸಿದರು, ಮನೆ ಹತ್ತಿರ ಪೊಲೀಸರನ್ನೂ ನಿಲ್ಲಿಸಿದರು. ಇಂಟರ್‌ನೆಟ್ ಬಂದ್ ಇಲ್ಲ, ದೆಹಲಿಗೆ ಕಾಯೋದಿಲ್ಲ. ಆ ಜಿಲ್ಲೆಯ ಅಧಿಕಾರಿ, ಆ ಜಿಲ್ಲೆಯವರಿಗೆ ಗೊತ್ತಿರೋ ಮುಖ. ಗೋಕಾಕಿನವರು ಬೇಕಾದ್ರೆ ಬೈಕ್ ಹತ್ತಿ ಕೊಣ್ಣೂರಿಗೆ ಹೋಗಿ ಮನೆ ಹಾಗೇ ಇರೋದನ್ನು ನೋಡಬಹುದು. ನನ್ನ ಪ್ರಕಾರ ಇಂಥ ಉತ್ತರಕ್ಕೆ ಎದುರಿಲ್ಲ.

ಸವಣೂರಿನ ಮಾಮಾ ಇದನ್ನು ಕೇಳಿದರೆ, ‘ಅಲ್ಲ ಬೇ, ಹೊರಗಿನವರ ಮಾತು ಬಿಡು, ನಮ್ಮೊಳಗಿನ ಸುಳ್ಳಿಗೆ ಏನ್ ಮಾಡ್ತಿ?’ ಅಂತಾರೆ. ಅವರ ಮಾತು ಸರಿ. 2024ರ ಅಕ್ಟೋಬರ್ ಕೊನೆಗೆ ಅವರದೇ ತಾಲೂಕಿನ ಕಡಕೋಳದಲ್ಲಿ, ಮನೆಗಳನ್ನು ವಕ್ಫ್ ಆಸ್ತಿ ಮಾಡ್ತಾರೆ ಅನ್ನೋ ವದಂತಿ ಹಬ್ಬಿ ರಾತ್ರಿ ಕಲ್ಲು ತೂರಾಟ ಆಯ್ತು. ಮುಂದಿನ ವಾರವೇ, ನಮ್ಮ ಜಿಲ್ಲೆಯ ರೈತರೊಬ್ಬರ ಆತ್ಮಹತ್ಯೆಗೆ ವಕ್ಫ್ ಕಾರಣ ಅಂತ ಸಂಸದರೊಬ್ಬರು ಪೋಸ್ಟ್ ಹಾಕಿದರು. ಆ ಸಾವು 2022ರ ಜನವರಿಯದ್ದು, ಸಾಲ ಮತ್ತು ಬೆಳೆ ನಷ್ಟದಿಂದ ಆದದ್ದು ಅಂತ ಹಾವೇರಿ ಎಸ್‌ಪಿ ತಿಳಿಸಿದರು. ಸಂಸದರ ಮೇಲೆ ಕೇಸ್ ಕೂಡ ಆಯ್ತು, ಡಿಸೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡ್ತು. ಕೇಸ್ ನಿಲ್ಲಲಿಲ್ಲ. ‘ಆ ಸಾವು 2022ರದ್ದು’ ಅನ್ನೋ ಒಂದು ಸಾಲು ಮಾತ್ರ ಶಿಗ್ಗಾಂವಿ ಉಪಚುನಾವಣೆ ಗದ್ದಲದ ನಡುವೆಯೂ ನಮ್ಮ ಗ್ರೂಪಲ್ಲಿ ಕೆಲಸ ಮಾಡ್ತು. ಅಕ್ಕ ಅದನ್ನು ಹಾಕಿದ ಮೇಲೆ ಆ ಚರ್ಚೆ ನಿಂತಿತು. ನಮ್ಮೊಳಗೆ ಹೀಗೆ ಬಿರುಕು ಇದ್ದರೇನೇ ಹೊರಗಿನವನ ಕೈ ಒಳಗೆ ಬರೋದು, ಕೊಣ್ಣೂರಿನ ಪೋಸ್ಟ್ ಮಾಡಿದವನು ಲೆಕ್ಕ ಹಾಕಿದ್ದೂ ಇದನ್ನೇ.

ಈಗ ದೆಹಲಿ ಮಟ್ಟದಲ್ಲಿ ಏನಿದೆ ಅಂತ ಬೇಗ ಹೇಳಿಬಿಡ್ತೀನಿ. 2019ರ ನವೆಂಬರ್‌ನಲ್ಲಿ ಶುರುವಾದ ಪಿಐಬಿ ಫ್ಯಾಕ್ಟ್ ಚೆಕ್ ಘಟಕ ಇದೆ. 87997 11259 ಇದರ ವಾಟ್ಸಾಪ್ ನಂಬರ್. ಅನುಮಾನ ಬಂದದ್ದನ್ನು ಕಳಿಸಬಹುದು, ಆದರೆ ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದ್ದು ಮಾತ್ರ. 2025ರ ಮೇನಲ್ಲಿ ಇದು ಹಗಲೂ ರಾತ್ರಿ ಕೆಲಸ ಮಾಡ್ತು. ಎಟಿಎಂ ಎರಡು ಮೂರು ದಿನ ಬಂದ್ ಅನ್ನೋದು ಸುಳ್ಳು. ಜಲಂಧರ್‌ನಲ್ಲಿ ಡ್ರೋನ್ ದಾಳಿ ಅಂದ ವಿಡಿಯೋ ಹೊಲದ ಬೆಂಕಿ. ಗುಜರಾತಿನ ಹಜೀರಾ ಬಂದರಿನ ಮೇಲೆ ದಾಳಿ ಅಂದದ್ದು 2021ರ ತೈಲ ಟ್ಯಾಂಕರ್ ಸ್ಫೋಟ. ಸೈಬರ್ ದಾಳಿಯಿಂದ ದೇಶದ ಶೇ 70ರಷ್ಟು ವಿದ್ಯುತ್ ಜಾಲ ನಿಂತಿದೆ ಅನ್ನೋದೂ ಸುಳ್ಳು. ಎಟಿಎಂ ಸುದ್ದಿ ಕೇಳಿ ಮಾಮಾ ಸವಣೂರಿನಲ್ಲಿ ಕ್ಯೂ ನಿಂತು ಫೋಟೋ ಬೇರೆ ಹಾಕಿದ್ದರು.

ಒಳ್ಳೆ ಕೆಲಸವೇ. ಆದರೆ ಅದರ ಪೋಸ್ಟುಗಳು ಹೆಚ್ಚಾಗಿ ಇಂಗ್ಲಿಷ್, ಹಿಂದಿಯಲ್ಲಿ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಸರ್ಕಾರದ ಬಗ್ಗೆ ಬಂದ ಸುದ್ದಿ ಸುಳ್ಳೋ ಅಲ್ಲವೋ ಅಂತ ಸರ್ಕಾರವೇ ತೀರ್ಪು ಕೊಡೋದು ಹೇಗೆ? 2023ರಲ್ಲಿ ನಿಯಮ ತಂದು, ಸರ್ಕಾರಿ ಘಟಕ ಸುಳ್ಳು ಅಂದಿದ್ದನ್ನು ತೆಗೆಯದ ಸೋಷಿಯಲ್ ಮೀಡಿಯಾ ಕಂಪನಿಗಳು ಕಾನೂನಿನ ರಕ್ಷಣೆ ಕಳೆದುಕೊಳ್ಳೋ ಹಾಗೆ ಮಾಡಿದ್ದರು. ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ಹೊಡೆದುಹಾಕ್ತು. ನಮ್ಮ ರಾಜ್ಯದಲ್ಲೂ 2025ರ ಜೂನ್‌ನಲ್ಲಿ ಸುಳ್ಳು ಸುದ್ದಿಗೆ 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಅನ್ನೋ ಕರಡು ಮಸೂದೆ ಹೊರಗೆ ಬಂದು ದೊಡ್ಡ ಟೀಕೆಗೆ ಗುರಿಯಾಯ್ತು. ಜೈಲು ಅಂದ ತಕ್ಷಣ ಮೊದಲು ಹೆದರೋದು ಯಾರು? ಸುಳ್ಳು ಕಟ್ಟಿ ಕಳಿಸಿದವನು ಬೇರೆ ದೇಶದಲ್ಲಿ ಆರಾಮಾಗಿ ಕೂತಿರ್ತಾನೆ. ಹೆದರೋದು ಗಾಬರಿಯಲ್ಲಿ ಫಾರ್ವರ್ಡ್ ಮಾಡಿದ ನಮ್ಮ ಚಿಗವ್ವ.

ಮೌನವೂ ಬಹಳ ದುಬಾರಿ. ಮೇ ಸಂಘರ್ಷದಲ್ಲಿ ನಮ್ಮ ವಿಮಾನಗಳನ್ನು ಹೊಡೆದುರುಳಿಸಿದ್ದೀವಿ ಅಂತ ಪಾಕಿಸ್ತಾನ ಮೊದಲ ದಿನದಿಂದ ಹೇಳ್ತಾನೇ ಇತ್ತು. ನಷ್ಟ ಅನ್ನೋದು ಯುದ್ಧದ ಭಾಗ ಅಂತ ನಮ್ಮ ವಾಯುಪಡೆ ಮೇ 11ಕ್ಕೆ ಹೇಳ್ತು, ಅಷ್ಟೇ. ವಿಮಾನ ಕಳೆದುಕೊಂಡದ್ದು ನಿಜ, ಆದರೆ ಆರು ಅನ್ನೋದು ಪೂರ್ತಿ ಸುಳ್ಳು ಅಂತ ರಕ್ಷಣಾ ಪಡೆಗಳ ಮುಖ್ಯಸ್ಥ ಅನಿಲ್ ಚೌಹಾಣ್ ಬಾಯಿಬಿಟ್ಟಿದ್ದು ಮೇ 31ಕ್ಕೆ, ಅದೂ ಸಿಂಗಪುರದಲ್ಲಿ. ಕಾರ್ಯಾಚರಣೆ ನಡೀವಾಗ ಎಲ್ಲ ಹೇಳೋಕಾಗಲ್ಲ, ಒಪ್ಪೋಣ. ಆದರೆ ಆ ಮೂರು ವಾರ ಖಾಲಿ ಮೈದಾನದಲ್ಲಿ ಎದುರಾಳಿ ಒಬ್ಬನೇ ಆಡಿದ. ಜೊತೆಗೆ ನಮ್ಮ ಕೆಲವು ಟಿವಿ ಚಾನೆಲ್‌ಗಳು ಕರಾಚಿ ಬಂದರು ಉಡೀಸ್ ಅಂತ ಕಿರುಚಿ ನಮ್ಮ ಮಾತಿನ ಬೆಲೆಯನ್ನೇ ಕಳೆದ್ವು.

ತೈವಾನ್ ಕಥೆ ಹೇಳದೆ ಹೋದ್ರೆ ನೀವು ಬೈತೀರ. ಚೀನಾದ ಕಡೆಯಿಂದ ಬರೋ ಅಪಪ್ರಚಾರದ ಜೊತೆ ದಿನಾ ಗುದ್ದಾಡೋ ದೇಶ ಅದು. ಸುಳ್ಳು ಬಂದ ಒಂದೆರಡು ಗಂಟೆಯೊಳಗೆ ಚಿಕ್ಕದಾಗಿ, ಚಿತ್ರದ ಜೊತೆ, ಆದ್ರೆ ನಗೆಯ ಜೊತೆ ಉತ್ತರ ಕೊಡಬೇಕು ಅನ್ನೋದು ಅಲ್ಲಿನ ಪದ್ಧತಿ. 2020ರ ಫೆಬ್ರವರಿಯಲ್ಲಿ, ಮಾಸ್ಕ್ ಮಾಡೋಕೆ ಕಚ್ಚಾ ಮಾಲು ಹೋಗ್ತಿದೆ, ಟಾಯ್ಲೆಟ್ ಪೇಪರ್ ಸಿಗಲ್ಲ ಅಂತ ವದಂತಿ ಎದ್ದು ಅಂಗಡಿ ಖಾಲಿ. ಆಗಿನ ಪ್ರಧಾನಿ ಸು ತ್ಸೆಂಗ್-ಚಾಂಗ್ ತಾವೇ ಹಿಂದೆ ತಿರುಗಿ ಅಂಡು ಅಲ್ಲಾಡಿಸೋ ಕಾರ್ಟೂನ್ ಹಾಕಿಸಿದರು. ಎಲ್ಲರಿಗೂ ಇರೋದು ಒಂದೇ ಅಂಡು, ಯಾಕೆ ಅಷ್ಟೊಂದು ಪೇಪರ್ ಅಂತ. ಕೆಳಗೆ ಪಟ್ಟಿ: ಮಾಸ್ಕ್‌ಗೆ ಬೇಕಾದ ಮಾಲು ಬೇರೆ, ಪೇಪರ್‌ಗೆ ಬೇಕಾದ ತಿರುಳು ಬೇರೆ. ಸುಳ್ಳಿಗಿಂತ ಆ ಅಂಡೇ ಹೆಚ್ಚು ಓಡ್ತು. ನಮ್ಮ ಮಂತ್ರಿಗಳು ಹೀಗೆ ಮಾಡೋದನ್ನು ಕಲ್ಪಿಸಿಕೊಳ್ಳೋದು ಕಷ್ಟ, ಇರಲಿ.

ಈ ಸಂಚಿಕೆ ಮಾಡ್ತೀನಿ ಅಂದಾಗ ಚಿಗವ್ವನಿಗೆ ಫೋನ್ ಮಾಡಿ ಕೇಳಿದೆ. ಆ ಸಂಜೆ ಯಾರು ಹೇಳಿದ್ರೆ ನಂಬ್ತಿದ್ದೆ ಅಂತ. ಪ್ರಧಾನಿ ಅಂದಳಾ, ಟಿವಿ ಅಂದಳಾ? ಇಲ್ಲ. ‘ನಮ್ಮ ತಹಶೀಲ್ದಾರ್ ಆಫೀಸಿನವರು ಫೋನ್ ಹಚ್ಚಿ, ನಿಮ್ಮ ಹುಡುಗ ಇಂಥಾ ಕಡೆ ಅದಾನ್ರಿ, ಹಿಂಗ್ ನಡಿ ಅಂತ ಹೇಳ್ರಿ ಅಂದಿದ್ರ ನಂಬತಿದ್ದೆ ಯವ್ವಾ. ಅವರ ಆಫೀಸು ನಂಗ ಗೊತ್ತೈತಿ, ಸುಳ್ಳಾದ್ರ ಹೋಗಿ ಕೇಳಬಹುದು.’